ಹಲಗೆಯೊಳಗಿನ ಕುರ್ಚಿ

ಪೀಣ್ಯದ ಕಾರ್ಖಾನೆಗಳನ್ನು ದಾಟಿ ಲಗ್ಗೆರೆಯ ಒಳಬೀದಿಗಳಿಗೆ ಇಳಿದರೆ ಇಪ್ಪತ್ತು–ಮೂವತ್ತರ ಸೈಟುಗಳೇ ಹೆಚ್ಚು ಕಾಣುತ್ತವೆ. 600 ಚದರಡಿ ನೆಲ. ಅದರಲ್ಲೇ ಮೆಟ್ಟಿಲು, ಸಂಪು, ಸ್ಕೂಟರಿಗೆ ಜಾಗ, ಉಳಿದದ್ದರಲ್ಲಿ ಸಂಸಾರ. ಅಂಥ ಒಂದು ಮನೆಯ ಮುಂದೆ, ಸ್ಕೂಟರ್ ನಿಲ್ಲಬೇಕಾದ ಕಡೆ, ಅಲ್ಯೂಮಿನಿಯಂ ಪಟ್ಟಿಗಳಿಂದ ಕಟ್ಟಿದ ಯಂತ್ರವೊಂದು ನಿಂತಿದೆ. ಸಿಎನ್‌ಸಿ ರೌಟರ್. ಕಂಪ್ಯೂಟರಿನ ನಕ್ಷೆಯಂತೆ ಮರ ಕತ್ತರಿಸುವಂಥದ್ದು. ಅದು ಕತ್ತರಿಸುವ ಬಿಟ್ ಹಾಯಿಸಬಲ್ಲ ಜಾಗ ಮೂರೂಕಾಲಡಿ ಉದ್ದ, ಎರಡಡಿ ಅಗಲ, ಅಷ್ಟೇ. ಮನೆಯ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೆಷಿನಿಸ್ಟ್ ಆಗಿ ದುಡಿದು ನಿವೃತ್ತರಾದವರು. ಮಗಳು ಮನೆಗಳ ಒಳಾಂಗಣದ ನಕ್ಷೆ ಬರೆಯುವವಳು. ನಕ್ಷೆ ಅವಳದು, ಯಂತ್ರ ಇವರದು.

ಬೆಂಗಳೂರಿನಲ್ಲಿ ಇಂಥ ಜೋಡಿ ಸಿಗುವುದು ಆಕಸ್ಮಿಕವಲ್ಲ. 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ ಎಚ್‌ಎಂಟಿ ಬಂತು, 1962ರಲ್ಲಿ ತುಮಕೂರು ರಸ್ತೆಯ ಸಂಶೋಧನಾ ಸಂಸ್ಥೆ ಸಿಎಂಟಿಐ. ಯಂತ್ರಗಳನ್ನು ಮಾಡುವ ಯಂತ್ರಗಳೇ ಇಲ್ಲಿನ ಕಸುಬು. ‘ಮೈಕ್ರಾನ್’ ಎಂಬ ಮಾತು ಊಟದ ಹೊತ್ತಿನಲ್ಲೂ ಬರುವ ಮನೆಗಳು ಈ ಭಾಗದಲ್ಲಿವೆ. ಆ ಕಾರ್ಖಾನೆಯ ವಿದ್ಯೆ ಮನೆಯ ಗೇಟಿನೊಳಗೆ ಬರಲು ಇನ್ನೊಂದು ಬಾಗಿಲು ತೆರೆಯಬೇಕಿತ್ತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುದ್ ಅವರು ಶುರುಮಾಡಿದ ‘ಜಿಆರ್‌ಬಿಎಲ್’ ಎಂಬ ಉಚಿತ ತಂತ್ರಾಂಶ ಅದನ್ನು ತೆರೆಯಿತು. ಅಂಗೈಯಗಲದ ಆರ್ಡುಯಿನೊ ಬೋರ್ಡಿನಲ್ಲಿ ಕೂತು ಅದು ಮೂರು ದಿಕ್ಕಿನ ಮೋಟರುಗಳನ್ನು ನಡೆಸುತ್ತದೆ. ಈ ಅಂಗಳದ ಯಂತ್ರ ಓಡುವುದೂ ಅದರಿಂದಲೇ.

ಇವತ್ತು ಕುರ್ಚಿ ಕತ್ತರಿಸುವ ದಿನ. 900 ಮಿಲಿಮೀಟರ್ ಉದ್ದ, 460 ಅಗಲದ ಪ್ಲೈವುಡ್ ತುಂಡನ್ನು ಮೇಜಿಗೆ ತಿರುಪುಗಳಿಂದ ಬಿಗಿದಿದ್ದಾರೆ. ಎಂಟು–ನಾಲ್ಕು ಅಡಿಯ ಶೀಟನ್ನು ಅಂಗಡಿಯಲ್ಲೇ ಸೀಳಿಸಿ ತಂದದ್ದು. ಒಂದು ಶೀಟಿಗೆ ಐದು ಕುರ್ಚಿ. ಬಿಗಿಯುವ ಮೊದಲು ವರ್ನಿಯರ್ ಹಿಡಿದು ದಪ್ಪ ನೋಡಿದ್ದರು. 18 ಮಿಲಿಮೀಟರ್ ಎಂದು ಕೊಂಡ ಹಲಗೆ 17.4 ಇದೆ. ಒಂದು ಹಲಗೆ ಇನ್ನೊಂದರ ತೋಡಿನೊಳಗೆ ಕೂರುವ ಕೆಲಸವಾದರೆ ಈ ಅರ್ಧ ಮಿಲಿಮೀಟರೇ ಎಲ್ಲವನ್ನೂ ಕೆಡಿಸುತ್ತದೆ. ಅಪ್ಪ ಹೇಳಿದ ಅಳತೆಯನ್ನು ಮಗಳು ಲ್ಯಾಪ್‌ಟಾಪಿನಲ್ಲಿ ತಿದ್ದುತ್ತಾಳೆ.

ಕುರ್ಚಿಯ ನಕ್ಷೆಯನ್ನು ನೋಡುತ್ತಾ ನಾನು ಬಹಳ ಹೊತ್ತು ನಿಂತೆ. ಹೊರಗೊಂದು ಚೌಕಟ್ಟು. ಅದರೊಳಗೆ ಇನ್ನೊಂದು. ಎರಡನೆಯದರೊಳಗೆ ಆಸನದ ಹಲಗೆ. ಮೂರೂ ಒಂದೇ ತುಂಡಿನಿಂದ, ಒಂದರ ಹೊಟ್ಟೆಯಿಂದ ಇನ್ನೊಂದು. ಹೊರಚೌಕಟ್ಟು ಬೆನ್ನೂ ಆಗುತ್ತದೆ, ಮುಂಗಾಲೂ ಆಗುತ್ತದೆ, ಒಳಚೌಕಟ್ಟು ಹಿಂಗಾಲು. ಕತ್ತರಿಸುವ ಬಿಟ್ 6 ಮಿಲಿಮೀಟರ್ ದಪ್ಪದ್ದು. ಹಾಗಾಗಿ ಅದು ಹಾದು ಹೋದ ದಾರಿಯೇ ಎರಡು ಚೌಕಟ್ಟುಗಳು ಉಜ್ಜದೆ ತಿರುಗಲು ಬೇಕಾದ ಸಂದು. ಕತ್ತರಿಸಿ ಪುಡಿಯಾದ ಮರ ನಷ್ಟವಲ್ಲ, ಕುರ್ಚಿ ಮಡಚಿಕೊಳ್ಳುವುದೇ ಅದರಿಂದ. ಇಷ್ಟು ಸೊಗಸಾದ ಲೆಕ್ಕವನ್ನು ಮರದ ಕೆಲಸದಲ್ಲಿ ನಾನು ಕಂಡದ್ದು ಕಡಿಮೆ.

ಲೆಕ್ಕಕ್ಕೆ ಅದರದೇ ಜಿಗುಟುತನವೂ ಇದೆ. ಚೌಕಟ್ಟಿನ ಪಟ್ಟಿ 35 ಮಿಲಿಮೀಟರ್ ಇಟ್ಟರೆ ಎರಡು ಪಟ್ಟಿ, ಎರಡು ಸಂದು ಕಳೆದು ಒಳಚೌಕಟ್ಟಿಗೆ ಸಿಗುವುದು 378. ಮತ್ತೆ ಅಷ್ಟೇ ಕಳೆದರೆ ಆಸನಕ್ಕೆ ಉಳಿಯುವುದು 296, ಅಂದರೆ ಒಂದಡಿಗೂ ಸ್ವಲ್ಪ ಕಡಿಮೆ. ಪಟ್ಟಿ ಅಗಲ ಮಾಡಿದರೆ ಕೂರುವವರಿಗೆ ಜಾಗವಿಲ್ಲ, ಕಿರಿದು ಮಾಡಿದರೆ ಕಾಲಿಗೆ ಬಲವಿಲ್ಲ.

“ಹೊರಗಿನ ಅಗಲ ಇನ್ನೊಂದಿಂಚು ಜಾಸ್ತಿ ಮಾಡೋಣ ಅಂದೆ, ಅಪ್ಪ ಒಪ್ಪಲಿಲ್ಲ” ಎನ್ನುತ್ತಾಳೆ ಮಗಳು.

“ಶೀಟಿಗೆ ಐದು ಬರೋದು ನಾಲ್ಕಾಗ್ತದಮ್ಮಾ.”

ಬಿಟ್ ತಿರುಗಿಸುವ ಸ್ಪಿಂಡಲ್ ಶುರುವಾದ ಮೇಲೆ ಮಾತಿಗೆ ಜಾಗವಿಲ್ಲ. ನಿಮಿಷಕ್ಕೆ 18,000 ಸುತ್ತು. ಒಂದು ಸಲಕ್ಕೆ 3 ಮಿಲಿಮೀಟರ್ ಆಳ ಮಾತ್ರ ಇಳಿಯುತ್ತದೆ. ಅದೇ ಗೆರೆಯ ಮೇಲೆ ಆರು ಸಲ ಸುತ್ತಿದರೆ ಬಿಟ್ ಹಲಗೆಯ ತಳ ದಾಟುತ್ತದೆ. ವೇಗ ಸರಿಯಿದೆಯೇ ಎಂದು ಯಜಮಾನರು ಪರದೆ ನೋಡಿ ಹೇಳುವುದಿಲ್ಲ, ಉದುರಿದ ಪುಡಿಯನ್ನು ಬೆರಳಲ್ಲಿ ಹೊಸಕಿ ಹೇಳುತ್ತಾರೆ. ರವೆಯ ಹಾಗೆ ಬರಬೇಕು, ಹಿಟ್ಟಿನ ಹಾಗಲ್ಲ. ಹಿಟ್ಟಾಯಿತೆಂದರೆ ಬಿಟ್ ಕತ್ತರಿಸುತ್ತಿಲ್ಲ, ಉಜ್ಜುತ್ತಿದೆ. ಕಾವು ಏರಿ ಮರ ಕಪ್ಪಾಗುತ್ತದೆ, ಬಿಟ್ಟಿನ ಆಯುಷ್ಯವೂ ಅಲ್ಲಿಗೆ. ಹಿಟ್ಟು ಎದೆಗೂ ಕೇಡು. ಪ್ಲೈವುಡ್ಡಿನ ಪುಡಿಯಲ್ಲಿ ಮರದ ಜೊತೆ ಅಂಟೂ ಇರುತ್ತದೆ. ಬಕೆಟ್ಟಿನ ಮೇಲೆ ಕೂರಿಸಿದ ಶಂಕುವಿನಾಕಾರದ ಪಾತ್ರೆಗೆ ವ್ಯಾಕ್ಯೂಮಿನ ಕೊಳವೆ ಜೋಡಿಸಿದ್ದಾರೆ; ಗಾಳಿ ಅದರಲ್ಲಿ ಗಿರಗಿರ ಸುತ್ತಿ ಪುಡಿ ಕೆಳಗೆ ಬೀಳುತ್ತದೆ. ಅದಿದ್ದರೂ ಇಬ್ಬರ ಮುಖದ ಮೇಲೂ ಮಾಸ್ಕ್ ಇದೆ, ನನಗೂ ಒಂದು ಕೊಟ್ಟರು. ಸದ್ದು ನೆರೆಯವರಿಗೂ ಕೇಳುತ್ತದೆಂದು ಸಂಜೆ ಆರರ ಮೇಲೆ ಯಂತ್ರ ಮುಟ್ಟುವುದಿಲ್ಲ.

ಕರೆಂಟಿನದು ಬೇರೆಯೇ ಕತೆ. ನಡುವೆ ಹೋಯಿತೆಂದರೆ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದು ಮರೆತುಹೋಗುತ್ತದೆ. ಅದಕ್ಕೇ ಮೂಲೆಯಲ್ಲಿ ಪುಟ್ಟ ಸ್ವಿಚ್ಚುಗಳಿವೆ. ಕರೆಂಟ್ ಬಂದ ಮೇಲೆ ಆದೇಶ ಕೊಟ್ಟರೆ ಯಂತ್ರ ಹೋಗಿ ಅವನ್ನು ಮುಟ್ಟಿ ಬರುತ್ತದೆ, ಅಲ್ಲಿಂದ ಲೆಕ್ಕ ಮತ್ತೆ ಶುರು.

ಕೊನೆಯ ಸುತ್ತಿನಲ್ಲೂ ತುಂಡುಗಳು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಅಲ್ಲಲ್ಲಿ ಸಣ್ಣ ಸೇತುವೆಯಷ್ಟು ಮರವನ್ನು ಬೇಕೆಂದೇ ಉಳಿಸಿರುತ್ತಾರೆ. ಇಲ್ಲದಿದ್ದರೆ ಸಡಿಲಾದ ತುಂಡು ಬಿಟ್ಟಿಗೆ ಸಿಕ್ಕಿ ಹಾರುತ್ತದೆ. ಯಂತ್ರ ನಿಂತ ಮೇಲೆ ಉಳಿಯಿಂದ ಅವನ್ನು ಕಡಿದು, ಅಂಚಿಗೆ ಉಪ್ಪುಕಾಗದ ಹಾಕುತ್ತಾರೆ.

ಇಲ್ಲಿಂದ ಮುಂದೆ ಎಲ್ಲ ಕೈಗೆಲಸ. ಸಿಎನ್‌ಸಿ ಎಂದರೆ ಗುಂಡಿ ಒತ್ತಿದರೆ ಕುರ್ಚಿ ಎಂದುಕೊಂಡವರು ಈ ಹಂತವನ್ನು ನೋಡಬೇಕು. ಚೌಕಟ್ಟುಗಳನ್ನು ಸೇರಿಸುವ 8 ಮಿಲಿಮೀಟರ್ ರಾಡಿಗೆ ಹಲಗೆಯ ಪಕ್ಕದಿಂದ ತೂತು ಬೇಕು. ಮೇಲಿನಿಂದ ಮಾತ್ರ ಇಳಿಯುವ ಬಿಟ್ಟಿಗೆ ಪಕ್ಕ ಎಂಬುದೇ ಇಲ್ಲ. ಯಜಮಾನರು ಹಲಗೆಯನ್ನು ನಿಲ್ಲಿಸಿ, ಗಟ್ಟಿಮರದ ಮಾದರಿಯೊಂದನ್ನು ಅಂಚಿಗೆ ಕಚ್ಚಿಸಿ, ಕೈ ಡ್ರಿಲ್ಲನ್ನು ನೆಟ್ಟಗೆ ಇಳಿಸುತ್ತಾರೆ. ತೂತಿನ ಎರಡೂ ಬದಿಗೆ ಉಳಿಯುವುದು ಐದೈದು ಮಿಲಿಮೀಟರಿಗೂ ಕಡಿಮೆ ಮರ. ಡ್ರಿಲ್ ವಾಲಿದರೆ ಪದರ ಸೀಳುತ್ತದೆ. ಕುರ್ಚಿಯ ಮೇಲೆ ಕೂತವರ ಭಾರವೆಲ್ಲ ಬಂದು ನಿಲ್ಲುವುದು ಇದೇ ಕೀಲಿನ ಮೇಲೆ.

ಇದನ್ನು ನೋಡುವಾಗ ವ್ಯಾಸಪೀಠ ನೆನಪಾಗದೆ ಇರದು. ಗಮಕಿಗಳ ಮುಂದೆ ಭಾರತ ಕಾವ್ಯವನ್ನು ಎತ್ತಿ ಹಿಡಿಯುವ ಆ ಪೀಠವೂ ಒಂದೇ ಹಲಗೆಯಿಂದ ಹುಟ್ಟಿದ್ದು. ಮೊಳೆಯಿಲ್ಲ, ಅಂಟಿಲ್ಲ, ರಾಡೂ ಇಲ್ಲ. ಬಡಗಿ ಹಲಗೆಯ ದಪ್ಪವನ್ನೇ ಎರಡು ತುದಿಗಳಿಂದ ಸೀಳುತ್ತಾ ಬಂದು, ನಡುವೆ ಬೆರಳು ಹೆಣೆದಂತೆ ಕೀಲನ್ನು ಕೆತ್ತಿ ಬಿಡಿಸುತ್ತಾನೆ. ಈ ಅಂಗಳದ ಯಂತ್ರದಿಂದ ಅದು ಆಗುವುದಿಲ್ಲ. ಸೀಳು ಹಲಗೆಯ ಒಳಗೆ ಅಡ್ಡಡ್ಡವಾಗಿ ಹೋಗಬೇಕು. ಮಗಳು ಕುರ್ಚಿಯ ಯೋಚನೆ ಶುರುಮಾಡಿದ್ದೇ ಮನೆಯ ವ್ಯಾಸಪೀಠವನ್ನು ಮುಂದಿಟ್ಟುಕೊಂಡು. ಅದು ಈಗಲೂ ಲ್ಯಾಪ್‌ಟಾಪಿನ ಪಕ್ಕದಲ್ಲಿದೆ.

ಕುರ್ಚಿ ಸೇರಿತು. ಸಂದುಗಳಲ್ಲಿ ವಾಷರ್ ಕೂತವು. ಬಿಡಿಸಿದರೆ ಆಸನದ ಹಿಂದಿನ ಅಂಚಿನ ತೋಡು ಹೊರಚೌಕಟ್ಟಿನ ಹಿಂಬದಿಯ ಪಟ್ಟಿಗೆ ಕಚ್ಚಿಕೊಳ್ಳುತ್ತದೆ, ಕೂತಷ್ಟೂ ಬಿಗಿ. ಮಡಚಿದರೆ ಮತ್ತೆ ಹಲಗೆಯಷ್ಟೇ ದಪ್ಪ.

ಒಳಗೆ ಹಾಲ್‌ನ ಗೋಡೆಗೆ ಇಂಥ ನಾಲ್ಕು ನೇತಾಡುತ್ತಿವೆ. ಪಕ್ಕದಲ್ಲಿ ಗೋಡೆಗೇ ಒರಗುವ ಮೇಜು: 900 ಅಗಲ, 600 ಆಳ. ಅದರ ಕಾಲು 720. ಆಳದ ಕಡೆ ಮಡಚಿದರೆ ಕಾಲು ಹೊರಗೆ ಚಾಚುತ್ತದೆ, ಅದಕ್ಕೇ ಅಗಲದ ಉದ್ದಕ್ಕೆ ಮಡಚುವಂತೆ ಕೀಲಿಟ್ಟಿದ್ದಾರೆ. ಮೊದಲಿನ ಮೇಜಿಗೆ ಎರಡು ಚಿಲಕಗಳಿದ್ದವಂತೆ. ಮನೆಯಾಕೆ ಒಂದು ವಾರ ಮಡಚಿದರು, ಆಮೇಲೆ ಅದು ತೆರೆದೇ ಇತ್ತು, ಜಾಗ ಉಳಿಯಲಿಲ್ಲ. ಈಗಿನದು ಒಂದೇ ಕೈಯಲ್ಲಿ ಮೇಲಕ್ಕೆ ಹೋಗುತ್ತದೆ, ಇನ್ನೊಂದು ಕೈಯಲ್ಲಿ ಪಾತ್ರೆ ಹಿಡಿದಿರಬಹುದು. ನನ್ನ ಮಟ್ಟಿಗೆ ಮಡಚುವ ಪೀಠೋಪಕರಣದ ನಿಜವಾದ ಅಳತೆ ಅದೇ. ಎಷ್ಟು ತೆಳ್ಳಗಾಯಿತು ಎಂಬುದು ಆಮೇಲಿನದು.

ಮುಂದಿನ ಕೆಲಸ ಗೋಡೆಗೆ ಎತ್ತಿಡುವ ಮಂಚ. ನಕ್ಷೆ ಸಿದ್ಧವಿದೆ, ಶೀಟು ಬಂದಿಲ್ಲ. ಅಡ್ಡಿಯಿರುವುದು ನಾಲ್ಕಿಂಚಿನ ಬ್ಲಾಕ್ ಗೋಡೆಯದು. ಮಂಚದ ಎಳೆತಕ್ಕೆ ಅದರಲ್ಲಿ ಬೋಲ್ಟು ನಿಲ್ಲುತ್ತದೆಂಬ ನಂಬಿಕೆ ಯಜಮಾನರಿಗಿಲ್ಲ. ಭಾರವನ್ನೆಲ್ಲ ನೆಲಕ್ಕೆ ಇಳಿಸುವ ಪೆಟ್ಟಿಗೆಯಂಥ ಚೌಕಟ್ಟು ಮಾಡಿ, ಗೋಡೆಗೆ ಮುಂದಕ್ಕೆ ವಾಲದಂತೆ ಹಿಡಿಯುವ ಕೆಲಸವನ್ನಷ್ಟೇ ಬಿಡಬೇಕೆಂದು ಅಪ್ಪ, ಮಗಳು ತೀರ್ಮಾನಿಸಿದ್ದಾರೆ. ಹಾಸಿಗೆ ಸಮೇತ ತೂಕ ಎಷ್ಟೆಂದು ತಿಳಿದ ಮೇಲೆ ಗ್ಯಾಸ್ ತುಂಬಿದ ಎತ್ತುಗೋಲುಗಳನ್ನು ಆರಿಸಬೇಕು. ಅದಕ್ಕಾಗಿ ಮನೆಯಾಕೆ ಹಾಸಿಗೆಯನ್ನು ಸುತ್ತಿ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದಾರೆ, ಮಗಳು ಬರೆದುಕೊಳ್ಳುತ್ತಿದ್ದಾಳೆ.