ಬೆಕ್ಕಿಗೆ ನೋವಿದೆಯೇ? ಮುಖ ನೋಡಿ

ಮಟ್ಟು ಉಡುಪಿ ಜಿಲ್ಲೆಯ ಕಡಲಬದಿಯ ಊರು. ಗುಳ್ಳ ಬದನೆಗೆ ಹೆಸರಾದ ಊರು. ಅಲ್ಲಿನ ಒಂದು ಮನೆ ಎಂದು ಇಟ್ಟುಕೊಳ್ಳಿ. ಮೀನು ತರುವ ಮನೆ. ಅಲ್ಲೊಂದು ಬಿಳಿ ಹೆಣ್ಣು ಬೆಕ್ಕು. ಹೆಸರು ಬೊಳ್ಳಿ. ವರ್ಷಕ್ಕೆ ಎರಡು ಸಲ ಮರಿ ಹಾಕುತ್ತಿತ್ತು. ಅಷ್ಟು ಮರಿಗಳನ್ನು ಸಾಕುವವರು ಯಾರು? ಅದಕ್ಕೇ ಮನೆಯವರು ಪಶುವೈದ್ಯರಲ್ಲಿಗೆ ಒಯ್ದು, ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದರು.

ಮರುದಿನ ಪಕ್ಕದ ಮನೆಯ ಅಕ್ಕ ಬಂದರು.

"ಬೊಳ್ಳಿ ಹೇಗುಂಟು?"

"ಏನೂ ತೊಂದರೆ ಇಲ್ಲ ಅಕ್ಕಾ. ಒಂದು ಸಲವೂ ಕೂಗಲಿಲ್ಲ. ಮಂಚದ ಅಡಿಯಲ್ಲಿ ಸುಮ್ಮನೆ ಕೂತಿದೆ."

"ಬೂತಾಯಿ ತಿಂದಿತಾ?"

"ಇಲ್ಲ. ಮೂಸಿಯೂ ನೋಡಲಿಲ್ಲ."

ಕೂಗಲಿಲ್ಲ ಎಂದರೆ ನೋವಿಲ್ಲ ಎಂದಲ್ಲ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಮೂಲೆ ಸೇರುತ್ತದೆ. ಮೈ ನೆಕ್ಕುವುದನ್ನು ಬಿಡುತ್ತದೆ. ಕಾಲು ಮಡಚಿ, ಬೆನ್ನು ಗೂನು ಮಾಡಿ ಕೂರುತ್ತದೆ. ಗುರ್ ಗುರ್ ಸದ್ದನ್ನೂ ನಂಬಬೇಡಿ. ಬೆಕ್ಕು ಸುಖದಲ್ಲೂ ಗುರುಗುಟ್ಟುತ್ತದೆ, ನೋವಿನಲ್ಲೂ ಗುರುಗುಟ್ಟುತ್ತದೆ.

ಹಾಗಾದರೆ ತಿಳಿಯುವುದು ಹೇಗೆ? ಮುಖ ನೋಡಬೇಕು. ಕೆನಡಾ ದೇಶದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಯಂತ್ರ ಬೇಡ, ಕಣ್ಣಿದ್ದರೆ ಸಾಕು. ನೋಡಬೇಕಾದ್ದು ಕಿವಿ, ಕಣ್ಣು, ಮೂತಿ, ಮೀಸೆ ಮತ್ತು ತಲೆ.

ಬೆಕ್ಕು ಎಚ್ಚರ ಇರುವಾಗ, ಮುಟ್ಟದೆ, ಸ್ವಲ್ಪ ದೂರ ಕೂತು ನೋಡಿ. ನಿದ್ದೆ ಮಾಡುವಾಗ, ತಿನ್ನುವಾಗ ಲೆಕ್ಕ ಹಾಕಬೇಡಿ. ನೋವಿದ್ದರೆ ಕಿವಿಗಳು ಹೊರಕ್ಕೆ ತಿರುಗಿ ಚಪ್ಪಟೆಯಾಗುತ್ತವೆ. ಕಣ್ಣು ಕಿರಿದಾಗುತ್ತದೆ. ದುಂಡಗಿನ ಮೂತಿ ಬಿಗಿಯುತ್ತದೆ. ಬಾಗಿದ ಮೀಸೆ ನೆಟ್ಟಗಾಗಿ ಮುಂದಕ್ಕೆ ಬರುತ್ತದೆ. ತಲೆ ಹೆಗಲಿಗಿಂತ ಕೆಳಗೆ ಇಳಿಯುತ್ತದೆ. ಒಂದೊಂದಕ್ಕೂ ಅಂಕ ಹಾಕಿ. ಕಾಣದಿದ್ದರೆ 0, ಸ್ವಲ್ಪ ಕಂಡರೆ 1, ಸ್ಪಷ್ಟವಾಗಿ ಕಂಡರೆ 2. ಒಟ್ಟು 10. ಅದರಲ್ಲಿ 4 ಅಥವಾ ಹೆಚ್ಚು ಬಂದರೆ ನೋವಿನ ಮದ್ದು ಬೇಕು.

ಮೀಸೆಯ ಗುರುತು ಮೊದಲ ಸಲಕ್ಕೆ ಯಾರಿಗೂ ಸುಲಭವಲ್ಲ. ಆಪರೇಷನ್ನಿಗೆ ಮೊದಲೇ ನಿಮ್ಮ ಬೆಕ್ಕಿನ ಮುಖವನ್ನು ಚೆನ್ನಾಗಿ ನೋಡಿಟ್ಟುಕೊಂಡರೆ ಆಮೇಲೆ ವ್ಯತ್ಯಾಸ ತಿಳಿಯುತ್ತದೆ.

ಅಕ್ಕ ಬಗ್ಗಿ ಮಂಚದ ಅಡಿಗೆ ನೋಡಿದರು. ಬೊಳ್ಳಿಯ ಕಿವಿ ಚಪ್ಪಟೆ, 2. ಕಣ್ಣು ಅರ್ಧ ಮುಚ್ಚಿದೆ, 1. ತಲೆ ಕೆಳಗೆ, 2. ಮೂತಿ, ಮೀಸೆ ಕತ್ತಲಲ್ಲಿ ಕಾಣಲಿಲ್ಲ. ಆದರೂ 5 ಆಯಿತು.

"ಹಾಗಾದ್ರೆ ಜ್ವರದ ಮಾತ್ರೆ ಅರ್ಧ ಕೊಡಲಾ ಅಕ್ಕಾ? ಮನೆಯಲ್ಲಿ ಉಂಟು."

"ಅಯ್ಯೋ, ಬೇಡ ಮಾರಾಯ್ತಿ! ಬೆಕ್ಕು ಸತ್ತೇ ಹೋದೀತು!"

ಅಕ್ಕ ಹೇಳಿದ್ದು ನಿಜ. ನಮ್ಮ ಜ್ವರದ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಅದು ವಿಷವಾಗಿ ರಕ್ತವನ್ನು ಕೆಡಿಸುತ್ತದೆ. ರಕ್ತ ಆಮ್ಲಜನಕ ಹೊರಲಾರದು. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಬಾತುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಒಂದೇ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಹುದು. ಮನುಷ್ಯರ ಬೇರೆ ನೋವಿನ ಮಾತ್ರೆಗಳೂ ಅಪಾಯವೇ. ಬೆಕ್ಕಿಗೆಂದೇ ಮದ್ದು ಇದೆ. ಎಷ್ಟು, ಯಾವಾಗ ಎಂದು ತೂಕ ನೋಡಿ ಡಾಕ್ಟರೇ ಹೇಳಬೇಕು.

ಆಪರೇಷನ್ ಮುಗಿಸಿ ಬೆಕ್ಕನ್ನು ಮನೆಗೆ ತರುವ ಮೊದಲೇ ಕೇಳಿ: "ನೋವಿನ ಮದ್ದು ಕೊಟ್ಟಿದ್ದೀರಾ ಡಾಕ್ಟ್ರೇ? ಅದು ಎಷ್ಟು ಹೊತ್ತು ಇರುತ್ತದೆ? ನಾಳೆಗೆ ಏನು?" ಕೇಳಲು ನಾಚಿಕೆ ಬೇಡ.

ಬೊಳ್ಳಿಯನ್ನು ಬುಟ್ಟಿಯಲ್ಲಿ ಮತ್ತೆ ಒಯ್ದರು. ಡಾಕ್ಟರು ಗಾಯ ನೋಡಿ, ಇಂಜೆಕ್ಷನ್ ಕೊಟ್ಟರು. ಸಂಜೆ ಬೊಳ್ಳಿ ಮಂಚದ ಅಡಿಯಿಂದ ಹೊರಗೆ ಬಂತು. ಬೂತಾಯಿಯ ತಲೆಯನ್ನು ಮೂಸಿತು. ಆಮೇಲೆ ತಿಂದಿತು.