ಒಂದು ಕುಕ್ಕರ್ ಗಂಜಿ, ನಾಲ್ಕು ಊರಿನ ರುಚಿ

ರಾತ್ರಿ ಒಂಬತ್ತೂವರೆಗೆ ಕೆಲಸ ಮುಗಿಸಿ, ಫುಡ್ ಆ್ಯಪ್‌ನಲ್ಲಿ ಇಪ್ಪತ್ತು ನಿಮಿಷ ಹುಡುಕಿ, ಕೊನೆಗೆ ಅದೇ ಎಣ್ಣೆ ಎಣ್ಣೆ ಫ್ರೈಡ್ ರೈಸ್ ಆರ್ಡರ್ ಮಾಡ್ತೀರಾ? ಆ ಆರ್ಡರ್ ಬರೋ ಹೊತ್ತಿಗೆ ಮನೆಯಲ್ಲೇ ಗಂಜಿ ರೆಡಿ ಆಗಿರುತ್ತೆ. ‘ಗಂಜಿನಾ? ನನಗೇನು ಜ್ವರ ಬಂದಿದ್ಯಾ?’ ಅನ್ನಬೇಡಿ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ ನಿತ್ಯದ ಊಟ. ಚೀನಾದಲ್ಲಿ ಅಕ್ಕಿ ಗಂಜಿ ಬೆಳಗಿನ ತಿಂಡಿ. ಇಂಗ್ಲಿಷಿನವರು ಅದನ್ನು ‘ಕಾಂಜೀ’ ಅಂತಾರೆ. ಆ ಪದ ಹೋಗಿದ್ದು ತಮಿಳಿನ ‘ಕಂಜಿ’ಯಿಂದ, ಅಂದ್ರೆ ನಮ್ಮ ಗಂಜಿಗೆ ಅದು ಸ್ವಂತ ನೆಂಟ!

ಮೊದಲು ಗಂಜಿ ಮಾಡಿಕೊಳ್ಳಿ

ಇಬ್ಬರಿಗೆ ಅರ್ಧ ಕಪ್ ಸೋನಾ ಮಸೂರಿ, 4 ಕಪ್ ನೀರು ಸಾಕು. ತೊಳೆದ ಅಕ್ಕಿಗೆ ನೀರು, ಅರ್ಧ ಚಮಚ ತುಪ್ಪ ಹಾಕಿ. ತುಪ್ಪ ಹಾಕಿದರೆ ನೊರೆ ಉಕ್ಕೋದು ಕಡಿಮೆ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಒಂದು ವಿಸಿಲ್ ಆದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ ಬಿಡಿ. ಪ್ರೆಶರ್ ತಾನಾಗಿ ಇಳಿದ ಮೇಲೆ ಸೌಟಿನಿಂದ ಮಸೆಯಿರಿ. ಉಪ್ಪು ಈಗಲೇ ಬೇಡ.

ಕರಾವಳಿ: ಉಪ್ಪು, ಒಂದು ಚಮಚ ತುಪ್ಪ. ನಂಜಿಕೊಳ್ಳಲು ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಕಾಯಿ ಚಟ್ನಿ ಇದ್ದರಂತೂ ಕೇಳೋದೇ ಬೇಡ.

ಚೀನಾ: ಎಳೆ ಎಳೆಯಾಗಿ ಹೆಚ್ಚಿದ ಶುಂಠಿ, ಈರುಳ್ಳಿ ಸೊಪ್ಪು, ಹುರಿದ ಕಡಲೆಬೀಜ, ಒಂದು ಚಮಚ ಸೋಯಾ ಸಾಸ್. ಸಾಸ್‌ನಲ್ಲೇ ಉಪ್ಪಿರುತ್ತೆ, ರುಚಿ ನೋಡಿ ಹಾಕಿ.

ಜಪಾನ್: ಇವರ ‘ಒಕಾಯು’ ಗಟ್ಟಿ. ಒಂದು ಪಾಲು ಅಕ್ಕಿಗೆ ಸಾಮಾನ್ಯವಾಗಿ ಐದು ಪಾಲು ನೀರು. ಮೇಲೊಂದು ಹುಳಿ-ಉಪ್ಪಿನ ‘ಉಮೆಬೋಶಿ’ ಹಣ್ಣು ಇಡ್ತಾರೆ. ಅದು ಸಿಗದಿದ್ರೆ ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ ನಡೆಯುತ್ತೆ. ಜನವರಿ 7ರಂದು ಅಲ್ಲಿ ಏಳು ಬಗೆಯ ಸೊಪ್ಪಿನ ಗಂಜಿ ಮಾಡುವ ಪದ್ಧತಿಯೂ ಇದೆ. ಹಬ್ಬದೂಟಗಳ ನಂತರ ಹೊಟ್ಟೆಗೊಂದು ವಿರಾಮ!

ಫಿಲಿಪೀನ್ಸ್: ಹೆಸರು ಸ್ಪ್ಯಾನಿಷ್, ‘ಅರೋಸ್ ಕಾಲ್ಡೊ’. ಶುಂಠಿ, ಈರುಳ್ಳಿ ಬಾಡಿಸಿ, ಬೇಯಿಸಿ ಬಿಡಿಸಿದ ಚಿಕನ್ ಸೇರಿಸಿ, ಗಂಜಿ ಜೊತೆ ಐದು ನಿಮಿಷ ಕುದಿಸಿ. ಮೇಲೆ ಕೆಂಪಗೆ ಹುರಿದ ಬೆಳ್ಳುಳ್ಳಿ, ಬೇಯಿಸಿದ ಮೊಟ್ಟೆ, ನಿಂಬೆರಸ. ಅವರು ಹಿಂಡೋದು ‘ಕಲಮಾನ್ಸಿ’ ಅನ್ನೋ ಪುಟ್ಟ ಹಣ್ಣು, ನಮಗೆ ನಿಂಬೆ ಸಾಕು.

ಉಳಿದರೆ ಬೇಗ ಆರಿಸಿ ಫ್ರಿಜ್‌ನಲ್ಲಿಡಿ. ಮರುದಿನ ಗಟ್ಟಿಯಾಗಿರುತ್ತೆ, ಬಿಸಿನೀರು ಸೇರಿಸಿ ಚೆನ್ನಾಗಿ ಕುದಿಸಿ.

ನಾಲ್ಕೂ ಕಡೆ ಅಡುಗೆಯ ಹಿಂದಿನ ಮಾತು ಒಂದೇ: ‘ಸುಸ್ತಾಗಿದೀಯ, ಸ್ವಲ್ಪ ಬಿಸಿ ಬಿಸಿ ತಿನ್ನು.’ ಮನೆಯಲ್ಲಿ ಈ ಮಾತು ಹೇಳಲು ಅಮ್ಮನೋ ಅಜ್ಜಿಯೋ ಇರುತ್ತಾರೆ. ಬಾಡಿಗೆ ರೂಮಿನಲ್ಲಿ ನಮಗೆ ನಾವೇ ಹೇಳಿಕೊಳ್ಳಬೇಕು. ಇಲ್ಲವೇ ಪಕ್ಕದ ರೂಮಿನವರಿಗೆ ಹೇಳಬಹುದು. ಅವರು ಒಡಿಶಾದವರೋ ಬಂಗಾಳದವರೋ ಆಗಿದ್ದರೆ ಒಂದು ಬಟ್ಟಲು ಕೊಟ್ಟು ಕೇಳಿ, ‘ಹುಷಾರಿಲ್ಲದಾಗ ನಿಮ್ಮನೇಲಿ ಏನು ಮಾಡ್ತಿದ್ರು?’ ಐದನೇ ರುಚಿ ಅಲ್ಲೇ ಸಿಗಬಹುದು.