ನಡುಮನೆಗಳನ್ನು ಬಿಟ್ಟುಕೊಟ್ಟು ಗೆಲ್ಲುವ ಬಗೆ

ಹಲಸೂರಿನ ಮನೆಯೊಂದರ ಜಗಲಿಯಲ್ಲಿ ಚದುರಂಗ ಹೂಡುವ ವಿದ್ಯಾರ್ಥಿಗೆ ಹಿರಿಯರು ಹೇಳುವ ಮೊದಲ ಪಾಠ, ಹಲಗೆಯ ನಡುಮನೆಗಳನ್ನು ಹಿಡಿಯಬೇಕೆಂಬುದು. ಹಾಗಾದರೆ ಗ್ರುನ್‌ಫೆಲ್ಡ್ ರಕ್ಷಣೆಯಲ್ಲಿ ಕಪ್ಪು ಪಕ್ಷವು ಅವನ್ನು ತಾನಾಗಿಯೇ ಬಿಟ್ಟುಕೊಡುವುದೇಕೆ?

ಈ ಆರಂಭಕ್ಕೆ ಹೆಸರು ಬಂದುದು 1922ರಲ್ಲಿ ಇದನ್ನು ಆಡಿದ ಆಸ್ಟ್ರಿಯದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್‌ನಿಂದ. ಆದರೆ 1855ರಲ್ಲಿಯೇ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿಯವರು ಜಾನ್ ಕಾಕ್ರೇನನ ಎದುರು ಇದೇ ಮಾರ್ಗವನ್ನು ಹಿಡಿದಿದ್ದರು.

ಇದರ ಮುಖ್ಯ ಮಾರ್ಗವನ್ನು ನೋಡೋಣ. ಕಪ್ಪು ತನ್ನ ಮಂತ್ರಿಯ ಕಾಲಾಳನ್ನು ಡಿ5ಕ್ಕೆ ನಡೆಸುತ್ತದೆ. ಬಿಳಿಯು ಅದನ್ನು ಕಡಿದಾಗ ಕಪ್ಪು ಕುದುರೆ ಆ ಮನೆಗೆ ಬರುತ್ತದೆ. ಬಿಳಿಯ ಕಾಲಾಳು ಇ4ಕ್ಕೆ ನುಗ್ಗಿದೊಡನೆ ಸಿ3ರ ಬಿಳಿ ಕುದುರೆಯನ್ನು ಕಡಿದು ತಾನೂ ಮಡಿಯುತ್ತದೆ. ಈಗ ಸಿ3, ಡಿ4, ಇ4 ಮನೆಗಳಲ್ಲಿ ಬಿಳಿಯ ಮೂರು ಕಾಲಾಳುಗಳು ಕೋಟೆಯಂತೆ ನಿಂತಿವೆ.

ಆದರೆ ನೆಲದಲ್ಲಿ ನಿಲ್ಲುವುದು ಬೇರೆ, ಅದನ್ನು ಆಳುವುದು ಬೇರೆ. ಕಟ್ಟಿದ ಕೋಟೆಗೆ ಕಾವಲು ಬೇಕು. ಜಿ7ರಲ್ಲಿ ಕುಳಿತ ಕಪ್ಪು ಒಂಟೆ ಓರೆದಾರಿಯಲ್ಲಿ ಡಿ4ರತ್ತ ದೃಷ್ಟಿಯಿಟ್ಟಿರುತ್ತದೆ. ಸಿ5ಕ್ಕೆ ಬಂದ ಕಾಲಾಳು, ಸಿ6ರ ಕುದುರೆ, ಹಿಂದಿನ ಮಂತ್ರಿ, ಎಲ್ಲವೂ ಅದೇ ಮನೆಯನ್ನು ಒತ್ತುತ್ತವೆ. ಇನ್ನೊಂದು ಒಂಟೆ ಜಿ4ಕ್ಕೆ ಹೋಗಿ, ಡಿ4ನ್ನು ಕಾಯುವ ಕುದುರೆಯನ್ನೇ ಕಟ್ಟಿಹಾಕಬಲ್ಲುದು. ಬಿಳಿಯ ಬಲವೆಲ್ಲ ಕಾವಲಿನಲ್ಲಿಯೇ ಕಳೆಯುತ್ತದೆ.

ಇದಕ್ಕೆ ಬೆಲೆಯೂ ಉಂಟು. ಕಪ್ಪು ತಡಮಾಡಿದರೆ ಬಿಳಿಯ ಕಾಲಾಳುಗಳು ಮುನ್ನಡೆದು ಅದರ ಉಸಿರು ಕಟ್ಟಿಸುತ್ತವೆ. ಆದುದರಿಂದ ಬಿಟ್ಟುಕೊಡುವುದೇ ಉಪಾಯವಲ್ಲ. ಬಿಟ್ಟ ಕೂಡಲೇ ಹೊಡೆಯುವುದು ಉಪಾಯ. ಓದುಗರು ಹಲಗೆ ಹೂಡಿ, ಪ್ರತಿ ನಡೆಯಲ್ಲಿಯೂ ಡಿ4ನ್ನು ಹೊಡೆಯುವವರೆಷ್ಟು, ಕಾಯುವವರೆಷ್ಟು ಎಂದು ಎಣಿಸಿ ನೋಡಲಿ. ಈ ಆರಂಭದ ಮರ್ಮ ಆ ಲೆಕ್ಕದಲ್ಲಿಯೇ ಇದೆ.